ಬಗ್ಗು, ಗದ್ದ ಎದೆಗೆ, ಕೈ ತಲೆ ಹಿಂದೆ: ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಪಿ.ಟಿ. ಪಾಠ

ನಾವು ನಾಲ್ಕು ಜನ. ಒಬ್ಬರ ಊರು ಕೋಲಾರ, ಒಬ್ಬರದು ಮಾಲೂರು, ಒಬ್ಬರದು ಮುಳಬಾಗಿಲು, ಇನ್ನೊಬ್ಬರದು ಶ್ರೀನಿವಾಸಪುರ. ನಾಲ್ವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಅದರಲ್ಲಿ ಇಬ್ಬರ ಮನೆಮಾತು ತೆಲುಗು. ಡಿವಿಜಿ ಹುಟ್ಟಿದ ಮುಳಬಾಗಿಲು ನಮ್ಮದು, ಮಾಸ್ತಿ ಇರೋ ಮಾಲೂರು ತಾಲ್ಲೂಕು ನಮ್ಮದು ಅಂತ ಕನ್ನಡ ಸಂಘದಲ್ಲಿ ಜಂಬ ಕೊಚ್ಚಿಕೊಳ್ಳುತ್ತೇವೆ, ಒತ್ತಕ್ಷರ ಬಂದಾಗ ಮಾತ್ರ ಇನ್ನೂ ತಡವರಿಸುತ್ತೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎನ್‌ಎಸ್‌ಎಸ್ ಕಡೆಯಿಂದ ನಮ್ಮ ಜಿಲ್ಲೆಯ ಒಂದು ಪ್ರೌಢಶಾಲೆಗೆ ಹೋಗಿದ್ದೆವು. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ‘ಆರೋಗ್ಯ ಮತ್ತು ದೈಹಿಕ ಶಿಕ್ಷಣ’ದ ಬಗ್ಗೆ ಒಂದು ಗಂಟೆ ಪಾಠ ಮಾಡಬೇಕಿತ್ತು. ನಾವು ಹಿಂದಿನ ರಾತ್ರಿ ಕೂತು ಚೆಂದದ ಸ್ಲೈಡ್ ಮಾಡಿದ್ದೆವು. ಆರನೇ ಸ್ಲೈಡಿನಲ್ಲಿ ಹಳದಿ ಹಲ್ಲಿನ ಚಿತ್ರ, ಅದರ ಕೆಳಗೆ ‘ದಿನಕ್ಕೆ ಎರಡು ಸಲ ಹಲ್ಲುಜ್ಜದಿದ್ದರೆ ಹೀಗಾಗುತ್ತದೆ’ ಅಂತ ಬರಹ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. “ಅಣ್ಣ, ನಾನು ದಿನಾ ಎರಡು ಸಲ ಉಜ್ತೀನಿ. ಆದ್ರೂ ಹಿಂಗೇ ಇದೆ. ನಮ್ಮಣ್ಣಂಗೂ ಹಿಂಗೇ. ನಮ್ಮ ತಾತನ ಹಲ್ಲು ಮಾತ್ರ ಬೆಳ್ಳಗಿದೆ, ಅವರು ಬೇವಿನ ಕಡ್ಡೀಲಿ ಉಜ್ಜೋರು” ಅಂದ. ಕೆಲವರು ನಕ್ಕರು. ಆದರೆ ಪಕ್ಕದ ಸಾಲಿನಲ್ಲಿ ಒಬ್ಬಳು ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಪಾಠ ಮುಗಿಯುವವರೆಗೂ ಆ ಕೈ ತೆಗೆಯಲಿಲ್ಲ. ಕೊನೆಯಲ್ಲಿ ಗ್ರೂಪ್ ಫೋಟೋ ತೆಗೆದಾಗಲೂ ಅಷ್ಟೆ.

ವಾಪಸ್ ಬರುವ ಬಸ್ಸಿನಲ್ಲಿ ನಾವು ಫೋಟೋ ದೊಡ್ಡದು ಮಾಡಿ ನೋಡಿದೆವು. ತುಟಿ ಬಿಗಿಹಿಡಿದು ನಿಂತವರೇ ಜಾಸ್ತಿ. ನಮಗೆ ನಾಚಿಕೆ ಆಯಿತು. ಈ ಜಿಲ್ಲೆಯಲ್ಲೇ ಬೆಳೆದು, ನಮ್ಮಲ್ಲೇ ಒಬ್ಬನ ಮುಂದಿನ ಹಲ್ಲಿನಲ್ಲಿ ಕಂದು ಪಟ್ಟೆ ಇಟ್ಟುಕೊಂಡು, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಸ್ಲೈಡ್ ತೋರಿಸಿ ಬಂದಿದ್ದೆವು. ಹಾಗಾಗಿ ಪಾಠವನ್ನು ಮತ್ತೆ ಬರೆದಿದ್ದೇವೆ. ಇದನ್ನು ಓದುವ ನೀವು ಇಂಜಿನಿಯರಿಂಗ್ ಓದುತ್ತಿರಬಹುದು, ಆದರೆ ಊರಲ್ಲಿ ತಮ್ಮನೋ ತಂಗಿಯೋ ಹೈಸ್ಕೂಲಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಓದಿ ಹೇಳಿ.

ಕೊಳೆ ಅಲ್ಲ, ಕಲೆ

ನೀರಿನಲ್ಲಿ ಫ್ಲೋರೈಡ್ ಅನ್ನೋ ಲವಣ ಇರುತ್ತದೆ. ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದೇ, ಹುಳುಕು ತಡೆಯುತ್ತದೆ. ಜಾಸ್ತಿಯಾದರೆ ಅದೇ ವಿಷ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಇಲ್ಲವೇ ಇಲ್ಲ ಅಂದಾಗ ಗರಿಷ್ಠ 1.5 ಮಿಲಿಗ್ರಾಂವರೆಗೆ ಒಪ್ಪುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಇದು ಮಿತಿ ದಾಟಿದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇದು ಹೊಸ ಸುದ್ದಿಯೇ ಅಲ್ಲ.

ಯಾಕೆ ನಮ್ಮಲ್ಲೇ? ಅಂತರಗಂಗೆ ಬೆಟ್ಟ ಹತ್ತಿದವರಿಗೆ ನಮ್ಮ ನೆಲ ಎಂಥದು ಅಂತ ಗೊತ್ತು. ಎಲ್ಲಾ ಗ್ರಾನೈಟ್, ಅದರ ಸಂಬಂಧಿ ಕಲ್ಲುಗಳೇ. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತರೆ ಅದು ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ನಮ್ಮ ತಾತಂದಿರು ಕೆರೆ, ಕಲ್ಯಾಣಿ, ತೆರೆದ ಬಾವಿಗಳ ನೀರು ಕುಡಿದವರು. ಅದು ಮೇಲಿನ ನೀರು, ಪ್ರತಿ ಮಳೆಗೂ ಹೊಸದಾಗುತ್ತಿತ್ತು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆಯಲ್ಲಿ ಬಾವಿಗಳು ಬತ್ತಿದ ಮೇಲೆ ಬೋರ್ ಕೊರೆಸಿದರು. ಈಗ ಸಾವಿರ ಅಡಿ ದಾಟಿದರೂ ನೀರು ಸಿಗುವ ಗ್ಯಾರಂಟಿ ಇಲ್ಲ, ಸಿಕ್ಕರೆ ಅದು ಬಂಡೆಯ ಜೊತೆ ಬಹಳ ಕಾಲ ಸಂಸಾರ ಮಾಡಿದ ನೀರು. ಆ ಹುಡುಗನ ತಾತನ ಹಲ್ಲು ಬೆಳ್ಳಗಿರುವುದಕ್ಕೆ ಬೇವಿನ ಕಡ್ಡಿಗಿಂತ ಅವರು ಬಾಲ್ಯದಲ್ಲಿ ಕುಡಿದ ಬಾವಿ ನೀರೇ ಕಾರಣ ಇರಬೇಕು ಅಂತ ನಮಗನ್ನಿಸುತ್ತದೆ.

ಬಾಲ್ಯದಲ್ಲಿ ಅನ್ನೋ ಮಾತು ಇಲ್ಲಿ ಮುಖ್ಯ. ಶಾಶ್ವತ ಹಲ್ಲುಗಳ ಹೊರಪದರ, ಅಂದರೆ ಎನಾಮೆಲ್, ತಯಾರಾಗುವುದು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ಒಳಗೆ, ಹಲ್ಲು ಇನ್ನೂ ವಸಡಿನ ಒಳಗೆ ಇರುವಾಗಲೇ. (ಬುದ್ಧಿಹಲ್ಲು ಮಾತ್ರ ಲೇಟ್.) ಆ ಸಮಯದಲ್ಲಿ ಫ್ಲೋರೈಡ್ ಜಾಸ್ತಿ ಹೊಟ್ಟೆಗೆ ಹೋದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಗೆ ಬಂದಾಗ ಸುಣ್ಣದಂಥ ಬಿಳಿ ಗೆರೆ ಕಾಣುತ್ತದೆ, ಆಮೇಲೆ ಅದು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ, ತೀರಾ ಜಾಸ್ತಿಯಾದರೆ ಸಣ್ಣ ಗುಂಡಿಗಳೂ ಬೀಳುತ್ತವೆ. ಇದಕ್ಕೆ ದಂತ ಫ್ಲೋರೋಸಿಸ್ ಅಂತ ಹೆಸರು. ಅಂದರೆ ಹದಿನೈದು ವರ್ಷದ ಹುಡುಗಿಯ ಹಲ್ಲಿನ ಮೇಲಿರುವ ಕಲೆ ಅವಳು ಎರಡು, ಮೂರು, ನಾಲ್ಕು ವರ್ಷದ ಮಗುವಾಗಿದ್ದಾಗ ಮನೆಯ ಬಿಂದಿಗೆಯಲ್ಲಿ ಯಾವ ನೀರು ಇತ್ತು ಅನ್ನುವುದರ ದಾಖಲೆ. ಅವಳ ಸೋಮಾರಿತನದ ದಾಖಲೆ ಅಲ್ಲ.

ಉಜ್ಜದೆ ಬಂದ ಕೊಳೆಗೂ ಇದಕ್ಕೂ ವ್ಯತ್ಯಾಸ ಕನ್ನಡಿಯಲ್ಲೇ ನೋಡಬಹುದು. ಕೊಳೆ, ಪಾಚಿ ಕಟ್ಟುವುದು ವಸಡಿನ ಅಂಚಿನಲ್ಲಿ, ಎರಡು ಹಲ್ಲುಗಳ ಸಂದಿಯಲ್ಲಿ. ಫ್ಲೋರೋಸಿಸ್ ಕಲೆ ಹಲ್ಲಿನ ಮೈಮೇಲೆ ಅಡ್ಡಡ್ಡವಾಗಿ ಇರುತ್ತದೆ, ಎಡಗಡೆ ಹಲ್ಲಿನಲ್ಲಿ ಇದ್ದರೆ ಸಾಮಾನ್ಯವಾಗಿ ಬಲಗಡೆಯ ಜೋಡಿ ಹಲ್ಲಿನಲ್ಲೂ ಇರುತ್ತದೆ. ಅದು ಹಲ್ಲಿನ ಒಳಗೇ ಸೇರಿದ ಬಣ್ಣ. ಹಾಗಾಗಿ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು, ಬೂದಿ ಹಾಕಿ ಉಜ್ಜಿದರೆ ಕಲೆ ಹೋಗಲ್ಲ, ಮೊದಲೇ ಮೆತ್ತಗಿರುವ ಎನಾಮೆಲ್ ಸವೆದು ಹೋಗುತ್ತದೆ. ನಮ್ಮಲ್ಲಿ ಪಟ್ಟೆ ಹಲ್ಲಿನವನು ಎಂಟನೇ ಕ್ಲಾಸಿನಲ್ಲಿ ಸ್ಯಾಂಡ್‌ಪೇಪರ್ ಟ್ರೈ ಮಾಡಿದ್ದನಂತೆ. ದಯವಿಟ್ಟು ಬೇಡ. ದಂತವೈದ್ಯರ ಹತ್ತಿರ ಇದಕ್ಕೆ ದಾರಿಗಳಿವೆ, ಮೇಲ್ಪದರವನ್ನು ಹದವಾಗಿ ಉಜ್ಜಿ ತೆಗೆಯುವುದು, ಬ್ಲೀಚ್ ಮಾಡುವುದು, ಹಲ್ಲಿನ ಬಣ್ಣದ ತೆಳು ಲೇಪ ಕೂರಿಸುವುದು. ಮೊದಲು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಿ.

ಹಾಗಂತ ಹಲ್ಲುಜ್ಜೋದು ಬಿಡಬೇಡಿ. ಹುಳುಕು ಬೇರೆ, ಕಲೆ ಬೇರೆ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗುಳಿದರಾಯಿತು.

ಗ್ರೌಂಡಿನಲ್ಲಿ ಮೂರು ಬಗ್ಗು

ಹಲ್ಲು ಹೊರಗೆ ಕಾಣುವ ಮೂಳೆಯಂಥ ವಸ್ತು, ಅದಕ್ಕೇ ಬೇಗ ಗೊತ್ತಾಗುತ್ತದೆ. ಮೂಳೆ ಕಾಣುವುದಿಲ್ಲ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಹರಳಿನೊಳಗೆ ಫ್ಲೋರೈಡ್ ಹೋಗಿ ಕೂತುಕೊಳ್ಳುತ್ತದೆ. ಹತ್ತಾರು ವರ್ಷ ಹೀಗೇ ಆದರೆ ಮೂಳೆ ನೋಡಲು ದಪ್ಪ, ಗಟ್ಟಿ, ಆದರೆ ಬೇಗ ಮುರಿಯುವಂಥದ್ದು ಆಗುತ್ತದೆ. ಕೀಲುಗಳನ್ನು ಹಿಡಿದಿರುವ ಹುರಿಗಳೂ ಸುಣ್ಣಗಟ್ಟುತ್ತವೆ. ಕತ್ತು ತಿರುಗಿಸಲು ಆಗದೆ ಇಡೀ ಮೈಯನ್ನೇ ತಿರುಗಿಸಿ ನೋಡುವ, ಗೋಡೆ ಹಿಡಿದು ಏಳುವ ಹಿರಿಯರನ್ನು ನೀವೂ ನೋಡಿರುತ್ತೀರಿ. ವಯಸ್ಸಾಯ್ತು, ವಾಯು ಹಿಡಿದಿದೆ ಅಂತ ಸುಮ್ಮನಾಗುತ್ತೇವೆ. ಎಲ್ಲರದೂ ಫ್ಲೋರೋಸಿಸ್ ಅಲ್ಲ, ಆದರೆ ಕೆಲವರದು ಹೌದು. ಈ ಹಂತಕ್ಕೆ ಹೋದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ಅದಕ್ಕೇ ಹದಿಮೂರು ಹದಿನಾಲ್ಕರಲ್ಲೇ ಈ ವಿಷಯ ಮಾತಾಡಬೇಕು ಅನ್ನೋದು.

ಕೇಂದ್ರ ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ತಡೆಗೆ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಹಳ್ಳಿಗಳಲ್ಲಿ ಯಂತ್ರ, ಎಕ್ಸ್‌ರೇ ಏನೂ ಇಲ್ಲದೆ ಮಾಡುವ ಮೂರು ಪರೀಕ್ಷೆಗಳಿವೆ. ಓದಿದ ತಕ್ಷಣ ನಮಗೆ ನಗು ಬಂತು, ಯಾಕೆಂದರೆ ಮೂರನ್ನೂ ನಾವು ಪಿ.ಟಿ. ಕ್ಲಾಸಿನಲ್ಲಿ ಸಾವಿರ ಸಲ ಮಾಡಿದ್ದೇವೆ. ಒಂದು, ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು. ಎರಡು, ತಲೆ ತಗ್ಗಿಸಿ ಗದ್ದವನ್ನು ಎದೆಗೆ ತಾಗಿಸುವುದು. ಮೂರು, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಮಡಿಸಿ, ತಲೆಯ ಹಿಂಭಾಗ ಮುಟ್ಟುವುದು. ಮೊದಲನೆಯದರಲ್ಲಿ ಸೊಂಟ ಮತ್ತು ಬೆನ್ನು, ಎರಡನೆಯದರಲ್ಲಿ ಕತ್ತು, ಮೂರನೆಯದರಲ್ಲಿ ಭುಜ ಮತ್ತು ಮೊಣಕೈ ಎಷ್ಟು ಸಲೀಸಾಗಿ ಆಡುತ್ತಿವೆ ಅಂತ ಗೊತ್ತಾಗುತ್ತದೆ. ಪಿ.ಟಿ. ಮೇಷ್ಟ್ರು ವಾರ್ಮಪ್ ಅಂತ ಮಾಡಿಸುವುದೇ ಡಾಕ್ಟರರ ಪರೀಕ್ಷೆಯೂ ಹೌದು!

ಆದರೆ ಇಲ್ಲೊಂದು ಎಚ್ಚರಿಕೆ. ಕಾಲ್ಬೆರಳು ಮುಟ್ಟಲು ಆಗಲಿಲ್ಲ ಅಂದ ಮಾತ್ರಕ್ಕೆ ಫ್ಲೋರೋಸಿಸ್ ಅಂತ ಹೆದರಬೇಡಿ. ಎತ್ತರಕ್ಕೆ ಬೆಳೆಯುವ ವಯಸ್ಸಿನಲ್ಲಿ ಮೂಳೆ ಮುಂದೆ ಓಡುತ್ತದೆ, ತೊಡೆಯ ಹಿಂದಿನ ಸ್ನಾಯು ಹಿಂದೆ ಉಳಿಯುತ್ತದೆ, ಬಗ್ಗಲು ಬಿಗಿಯುತ್ತದೆ. ನಮ್ಮ ನಾಲ್ವರಲ್ಲಿ ಇಬ್ಬರಿಗೆ ಬೆರಳು ಮುಟ್ಟಲು ಆಗಲೇ ಇಲ್ಲ. ಕಾರಣ ಹಾಸ್ಟೆಲ್ ಮಂಚ ಮತ್ತು ಲ್ಯಾಪ್‌ಟಾಪ್, ಬೇರೇನಲ್ಲ. ದಿನಾ ಸ್ವಲ್ಪ ಸ್ವಲ್ಪ ಬಗ್ಗಿದರೆ ಸ್ನಾಯು ಸಡಿಲವಾಗುತ್ತದೆ. ಎಷ್ಟು ದಿನ ಮಾಡಿದರೂ ಒಂದಿಷ್ಟೂ ಸುಧಾರಿಸದೆ, ಕತ್ತು ಅಥವಾ ಬೆನ್ನು ಅಥವಾ ಕೀಲಿನಲ್ಲಿ ನೋವು, ಬಿಗಿತ ಉಳಿದರೆ ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕುಡಿಯುವ ನೀರು ಎಲ್ಲಿಂದ ಅಂತಲೂ ಡಾಕ್ಟರಿಗೆ ಹೇಳಿ. ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಬಹುದು. ಮನೆಯಲ್ಲಿ ತಾತ ಅಜ್ಜಿಯ ಜೊತೆ ಈ ಮೂರು ಬಗ್ಗು ಆಟದ ಥರ ಮಾಡಿ ನೋಡಿ. ಬಲವಂತ ಬೇಡ, ಎಲ್ಲಿ ನೋವಾಗುತ್ತೋ ಅಲ್ಲಿಗೆ ನಿಲ್ಲಿಸಿ.

ಕ್ಯಾನ್ ನೀರು ಕುಡಿದು ಬೋರ್ ನೀರಲ್ಲಿ ಮುದ್ದೆ

ಈಗ ನಾವು ಸ್ವಲ್ಪ ಇಂಜಿನಿಯರ್ ಆಗುತ್ತೇವೆ, ಸಹಿಸಿಕೊಳ್ಳಿ.

ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ನೀರು ಕುದಿಸಿದರೆ ಹೋಗಲ್ಲ. ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಅಂದರೆ ಲೀಟರಿಗೆ ಇರುವ ಪ್ರಮಾಣ ಇನ್ನೂ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಹಾಕಿದರೂ ಹೋಗಲ್ಲ. ಇನ್ನೊಂದು ತಪ್ಪು ನಮ್ಮಂಥವರೇ ಮಾಡುವುದು. ಆನ್‌ಲೈನ್‌ನಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ “ನೀರು ಸೂಪರ್” ಅನ್ನೋದು. ಆ ಮೀಟರ್ ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ, ಅದರಿಂದ ಒಟ್ಟು ಲವಣ ಎಷ್ಟು ಅಂತ ಅಂದಾಜು ಮಾಡುತ್ತದೆ. ಒಟ್ಟು 400 ತೋರಿಸಿದರೆ ಅದರಲ್ಲಿ ಫ್ಲೋರೈಡ್ ಅರ್ಧವೋ ಮೂರೋ ಅಂತ ಅದಕ್ಕೆ ಗೊತ್ತೇ ಆಗಲ್ಲ. ಫ್ಲೋರೈಡಿಗೆ ಅದರದ್ದೇ ಪರೀಕ್ಷೆ ಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ಫೀಲ್ಡ್ ಟೆಸ್ಟ್ ಕಿಟ್ ಕೊಟ್ಟು, ಹಳ್ಳಿಯ ಮಹಿಳೆಯರಿಗೆ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ನೀರಿಗೆ ಕೆಲವು ಹನಿ ದ್ರಾವಣ ಹಾಕಿ, ಬಂದ ಬಣ್ಣವನ್ನು ಕಾರ್ಡಿಗೆ ಹೋಲಿಸುವುದು, ಅಷ್ಟೇ. ನಿಖರವಾದ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಶಾಲೆಯ ವಿಜ್ಞಾನ ಮೇಷ್ಟ್ರು ಪಂಚಾಯಿತಿಗೆ ಒಂದು ಪತ್ರ ಬರೆದರೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಇನ್ನೊಂದಿಲ್ಲ.

ನಮ್ಮ ಹಳ್ಳಿಗಳಲ್ಲಿ ಈಗ ಶುದ್ಧ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಆರ್‌ಓ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಫ್ಲೋರೈಡಿನ ಬಹುಪಾಲು ತೆಗೆಯುತ್ತದೆ. ಸರಿ, ಹಾಗಾದರೆ ಸಮಸ್ಯೆ ಮುಗೀತಲ್ಲ? ನಾವೂ ಹಾಗೇ ಅಂದುಕೊಂಡಿದ್ದೆವು. ಆಮೇಲೆ ನಮ್ಮ ನಮ್ಮ ಮನೆಗೆ ಫೋನ್ ಮಾಡಿ “ಅಮ್ಮ, ಮುದ್ದೆಗೆ ಯಾವ ನೀರು?” ಅಂತ ಕೇಳಿದೆವು. ನಾಲ್ಕು ಮನೆಯಲ್ಲಿ ಮೂರರಲ್ಲಿ ಉತ್ತರ ಒಂದೇ. ಕುಡಿಯೋಕೆ ಕ್ಯಾನ್, ಅಡುಗೆಗೆ ನಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ನಲ್ಲಿ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಒಬ್ಬ ಹುಡುಗ ದಿನಕ್ಕೆ 2 ಲೀಟರ್ ಕುಡಿಯುತ್ತಾನೆ, ಕಬಡ್ಡಿ ಆಡಿದ ದಿನ ಇನ್ನೊಂದು ಲೀಟರ್. ಮುದ್ದೆ, ಅನ್ನ, ಸಾರು, ಕಾಫಿಯ ಮೂಲಕ ಇನ್ನೊಂದು ಲೀಟರ್ ಹೊಟ್ಟೆಗೆ ಹೋಗುತ್ತದೆ. ಎಲ್ಲಾ ನಲ್ಲಿ ನೀರಾದರೆ ಕಬಡ್ಡಿ ಆಡಿದ ದಿನ 8 ಮಿಲಿಗ್ರಾಂ. ಕುಡಿಯೋದು ಮಾತ್ರ ಕ್ಯಾನ್ ನೀರು ಮಾಡಿದರೆ ಸುಮಾರು 2ಕ್ಕೆ ಇಳಿಯುತ್ತದೆ. ದೊಡ್ಡ ಇಳಿಕೆಯೇ, ಆದರೆ ಸೊನ್ನೆ ಅಲ್ಲ. ಜೊತೆಗೆ ಆ ಹುಡುಗ ಮನೆಯಲ್ಲಿ ಕ್ಯಾನ್ ನೀರು ಕುಡಿದು, ಶಾಲೆಯಲ್ಲಿ ಆಟ ಮುಗಿದ ಮೇಲೆ ಬೋರಿನ ನಲ್ಲಿಗೆ ಬಾಯಿ ಇಟ್ಟರೆ ಲೆಕ್ಕ ಮತ್ತೆ ಏರಿತು. ಆಡುವ ಮಕ್ಕಳಿಗೆ ಬಾಯಾರಿಕೆ ಜಾಸ್ತಿ, ಹಾಗಾಗಿ ಶಾಲೆಯ ನೀರು ಮನೆಯ ನೀರಿಗಿಂತ ಮುಖ್ಯ ಅಂತಲೇ ಹೇಳಬೇಕು. ಎರಡು ಬಾಟಲಿ ಮನೆಯಿಂದ ತನ್ನಿ. ಮನೆಯಲ್ಲಿ ಹೇಳಿ ಮುದ್ದೆ, ಅನ್ನ, ಸಾರಿಗೂ ಕ್ಯಾನ್ ನೀರು ಹಾಕಿಸಿ. ಪಾತ್ರೆ ತೊಳೆಯಲು, ಸ್ನಾನಕ್ಕೆ ಬೋರ್ ನೀರಾದರೆ ತೊಂದರೆ ಇಲ್ಲ, ಚರ್ಮದ ಮೂಲಕ ಒಳಗೆ ಹೋಗುವ ಭಯ ಬೇಡ.

ಇದೆಲ್ಲ ಮನೆಯವರ ಮೇಲೆ ಹೊರೆ ಹಾಕುವ ಮಾತು ಅಂತ ನಮಗೂ ಗೊತ್ತು. ನೀರು ಕೊಡಬೇಕಾದ್ದು ಸರ್ಕಾರ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು, ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಮೇಲಿನ ನೀರು ಕೊಡುವ ಯೋಜನೆ ಅದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿದ ಕೆ.ಸಿ. ವ್ಯಾಲಿ ನೀರು ಬೇರೆ ವಿಷಯ. ಅದು ಬೆಂಗಳೂರಿನ ಸಂಸ್ಕರಿಸಿದ ನೀರು, ಅಂತರ್ಜಲ ತುಂಬಲಿ ಅಂತ ಕೆರೆಗೆ ಬಿಡುವುದು. ಆ ಕೆರೆಗಳ ನೀರನ್ನು ನೇರವಾಗಿ ಕುಡಿಯಬಾರದು, ಅದರಲ್ಲಿ ಈಜುವುದೂ ಬೇಡ ಅಂತ ನಾವು ಹೇಳುತ್ತೇವೆ. ಈಜು ಒಳ್ಳೆ ವ್ಯಾಯಾಮ, ಅದಕ್ಕೆ ಬೇರೆ ಜಾಗ ಹುಡುಕೋಣ.

ಸಂಗಟಿ ತಿನ್ನೋ ನಾವು ಅದೃಷ್ಟವಂತರು

ಮೂಳೆಗೆ ಫ್ಲೋರೈಡ್ ಶತ್ರುವಾದರೆ ಕ್ಯಾಲ್ಸಿಯಂ ಕಾವಲುಗಾರ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಿಗೆ ಅದೇ ನೀರು ಜಾಸ್ತಿ ಹಾನಿ ಮಾಡುತ್ತದೆ. ಇನ್ನೊಂದು ಮಾತು, ಮನುಷ್ಯನ ಮೂಳೆಯ ಬಲದ ಬಹುಪಾಲು ಇಪ್ಪತ್ತರ ಒಳಗೇ ಕಟ್ಟಿ ಮುಗಿಯುತ್ತದೆ. ಆಮೇಲೆ ಅರವತ್ತರವರೆಗೆ ಖರ್ಚು ಮಾಡುವುದು ಈಗ ಕೂಡಿಟ್ಟದ್ದನ್ನೇ. ನಮಗೆ ಹತ್ತೊಂಬತ್ತು, ನಮಗಿನ್ನು ಒಂದೆರಡು ವರ್ಷ ಅಷ್ಟೇ ಬಾಕಿ! ನಿಮಗೆ ಪೂರ್ತಿ ಟೈಮ್ ಇದೆ.

ಹದಿಮೂರರಿಂದ ಹದಿನೈದು ವರ್ಷದವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಐಸಿಎಂಆರ್ ಹೇಳುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು ಇದ್ದರೆ ಅಷ್ಟೇ ರಾಗಿಯಲ್ಲಿ 340ಕ್ಕೂ ಜಾಸ್ತಿ ಇದೆ. ಗಾತ್ರದ ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಹಿಡಿಯುತ್ತದೆ ಅಂದುಕೊಂಡರೂ ಎರಡು ಮುದ್ದೆಗೆ ಮೂರರಲ್ಲಿ ಎರಡು ಭಾಗಕ್ಕೂ ಹೆಚ್ಚು ದಾರಿ ಮುಗಿಯಿತು. ಶಾಲೆಯಲ್ಲಿ ಕ್ಷೀರಭಾಗ್ಯದಲ್ಲಿ ಕೊಡುವ 150 ಮಿಲಿಲೀಟರ್ ಹಾಲು ಇನ್ನೂ 150ರಿಂದ 180 ಸೇರಿಸುತ್ತದೆ. 2013ರಲ್ಲಿ ಶುರುವಾದ ಆ ಹಾಲಿಗೆ 2024ರಿಂದ ರಾಗಿ ಮಿಶ್ರಣವೂ ಸೇರಿದೆ. ಜೊತೆಗೆ ನುಗ್ಗೆಸೊಪ್ಪಿನ ಬಸ್ಸಾರೋ ಹುರುಳಿಕಾಳಿನ ಸಾರೋ ಇದ್ದರೆ ಮಾತ್ರೆ ಕಂಪನಿಗಳು ನಮ್ಮೂರಲ್ಲಿ ಅಂಗಡಿ ಮುಚ್ಚಬೇಕು. ಬೇಜಾರಿನ ಸಂಗತಿ ಏನೆಂದರೆ ನಮ್ಮ ಓರಗೆಯವರು ಮುದ್ದೆ ಅಂದರೆ ಮುಖ ಸಿಂಡರಿಸುತ್ತಾರೆ. ಹಾಸ್ಟೆಲ್‌ನಲ್ಲಿ ‘ಊರಿನ ಊಟ’ ಅಂತ ರೀಲ್ಸ್ ಹಾಕುವವರೂ ಮೆಸ್ಸಿನಲ್ಲಿ ಮುದ್ದೆ ಕೌಂಟರ್ ಕಡೆ ತಿರುಗಲ್ಲ.

ವಿಟಮಿನ್ ಸಿ ಇರುವ ಸೀಬೆ, ನೆಲ್ಲಿಕಾಯಿ, ನಿಂಬೆಯನ್ನೂ ಫ್ಲೋರೋಸಿಸ್ ಇರುವ ಊರುಗಳಲ್ಲಿ ಧಾರಾಳ ತಿನ್ನಲು ಹೇಳುತ್ತಾರೆ. ಟೊಮ್ಯಾಟೊಗೆ ಕೋಲಾರದಲ್ಲಿ, ಮಾವಿಗೆ ಶ್ರೀನಿವಾಸಪುರದಲ್ಲಿ ಬರ ಇಲ್ಲ. ಕಡಿಮೆ ಮಾಡಬೇಕಾದ್ದು ಟೀ, ಯಾಕೆಂದರೆ ಟೀ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ. ಚಾಟ್ ಮೇಲೆ ಉದುರಿಸುವ ಕಪ್ಪು ಉಪ್ಪಿನಲ್ಲೂ ಇರುತ್ತದೆ.

ಸೋಮವಾರದ ನೀಲಿ ಮಾತ್ರೆ

ಹುಡುಗಿಯರಿಗೆ ಇನ್ನೊಂದು ಮಾತು ಹೇಳಬೇಕು, ಇದನ್ನು ನಮ್ಮ ಗುಂಪಿನ ಇಬ್ಬರು ಅಕ್ಕಂದಿರೇ ಬರೆಸಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಖೋ ಖೋದಲ್ಲಿ ಎರಡು ಸುತ್ತಿಗೆ ಕಣ್ಣು ಕತ್ತಲೆ, ಕ್ಲಾಸಿನಲ್ಲಿ ತೂಕಡಿಕೆ. ಇದನ್ನು “ಅವಳು ಸೋಮಾರಿ” ಅಂತ ಕರೆದುಬಿಡುತ್ತಾರೆ, ಹಲ್ಲಿನ ವಿಷಯದಲ್ಲಿ ನಾವು ಮಾಡಿದ ಹಾಗೆಯೇ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ವಾಕರಿಕೆ ಬರುತ್ತದೆ, ಅದಕ್ಕೇ ಬಿಸಿಯೂಟ ಆದ ಮೇಲೆ ತೆಗೆದುಕೊಳ್ಳಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಕಬ್ಬಿಣದಿಂದ ಬಂದದ್ದು. ಹಾಲಿನ ಜೊತೆ, ಟೀ ಜೊತೆ ಮಾತ್ರ ಬೇಡ, ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಾಲು ಬೆಳಿಗ್ಗೆ, ಮಾತ್ರೆ ಮಧ್ಯಾಹ್ನ. ಹುಡುಗರೂ ಕಿಟಕಿಯಿಂದ ಎಸೆಯದೆ ನುಂಗಬೇಕು, ಅದು ಇಬ್ಬರಿಗೂ ಇರುವ ಮಾತ್ರೆ.

ಮುಟ್ಟಿನ ದಿನ ಆಟ ಆಡಬಾರದು ಅನ್ನೋದಕ್ಕೆ ವೈದ್ಯಕೀಯ ಕಾರಣ ಇಲ್ಲ. ಮೈ ಒಪ್ಪಿದರೆ ಆಡಿ, ನೋವಿದ್ದರೆ ಕೂತುಕೊಳ್ಳಿ, ಅದು ನಿಮ್ಮ ತೀರ್ಮಾನ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುವ ಹುಡುಗಿಯರು ಎಷ್ಟು ಜನ ಅಂತ ಯಾವ ಮೇಷ್ಟ್ರಿಗೂ ಗೊತ್ತಿರಲ್ಲ. ನಮ್ಮ ಅಕ್ಕಂದಿರೂ ಹಾಗೆ ಮಾಡಿದವರೇ, ಮೂತ್ರದ ಸೋಂಕು ತರಿಸಿಕೊಂಡವರೇ. ಒಂದು ಚಿಲಕಕ್ಕೆ ಎಷ್ಟು ಬೆಲೆ? ಎಸ್‌ಡಿಎಂಸಿ ಸಭೆಯಲ್ಲಿ ಕೇಳಲು ಅಮ್ಮಂದಿರಿಗೆ ಹೇಳಿ.

ಕುಂಟೆಬಿಲ್ಲೆ

ವ್ಯಾಯಾಮದ ಬಗ್ಗೆ ಚಿಕ್ಕದಾಗಿ ಮುಗಿಸುತ್ತೇವೆ, ಪಿ.ಟಿ. ಮೇಷ್ಟ್ರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ (ಅವರ ಪೀರಿಯಡ್ಡನ್ನು ಗಣಿತದವರು ಕಿತ್ತುಕೊಳ್ಳದಿದ್ದರೆ). ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ ಮತ್ತು ಸ್ನಾಯುವನ್ನು ಗಟ್ಟಿ ಮಾಡುವ ಆಟ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂಳೆ ಗಟ್ಟಿಯಾಗುವುದು ನೆಲಕ್ಕೆ ಕಾಲು ಬಡಿದಾಗ. ಅಂದರೆ ಜಿಗಿಯುವ ಆಟಗಳಲ್ಲಿ. ಕುಂಟೆಬಿಲ್ಲೆ, ಹಗ್ಗದಾಟ, ಖೋ ಖೋ, ಕಬಡ್ಡಿ, ಎಲ್ಲವೂ ಪುಕ್ಕಟೆ. ಎಂಟನೇ ಕ್ಲಾಸಿಗೆ ಬಂದ ಮೇಲೆ ಕುಂಟೆಬಿಲ್ಲೆ ಚಿಕ್ಕ ಮಕ್ಕಳ ಆಟ ಅಂತ ಹುಡುಗಿಯರು ಬಿಡುತ್ತಾರೆ, ಮೂಳೆ ಬೆಳೆಯುವ ಮುಖ್ಯ ವರ್ಷಗಳಲ್ಲೇ. ಆಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸರಿಯಾದ ಅಳತೆ. ಕಾಲು ಉಳುಕಿದರೆ ಬಿಸಿ ಎಣ್ಣೆ ಹಾಕಿ ನೀವಬೇಡಿ, ತಣ್ಣೀರು ಬಟ್ಟೆ ಇಟ್ಟು ಎತ್ತರಕ್ಕೆ ಇಡಿ, ಕಾಲೂರಲು ಆಗದಿದ್ದರೆ ಆಸ್ಪತ್ರೆ. ಹತ್ತನೇ ಕ್ಲಾಸಿನವರು ಬೆಳಗ್ಗೆ ನಾಲ್ಕಕ್ಕೆ ಎದ್ದು ಓದೋದಾದರೆ ರಾತ್ರಿ ಎಂಟಕ್ಕೇ ಮಲಗಬೇಕು. ಎಂಟು ಗಂಟೆ ನಿದ್ದೆ ಲೆಕ್ಕಕ್ಕೆ ಸಿಗಲೇಬೇಕು.

ಕೊನೆಗೆ ಆ ಬಾಯಿ ಮುಚ್ಚಿಕೊಂಡ ಹುಡುಗಿಗೆ. ನಿನ್ನ ಹಲ್ಲಿನ ಕಲೆ ಈಗ ಕುಡಿಯುವ ನೀರಿನಿಂದ ಬಂದದ್ದಲ್ಲ, ಇನ್ನು ಮುಂದೆ ಒಳ್ಳೆ ನೀರು ಕುಡಿದರೂ ಅದಾಗಿ ಅದು ಹೋಗುವುದಿಲ್ಲ, ಈ ನಿಜವನ್ನು ನಾವು ಮುಚ್ಚಿಡಲ್ಲ. ಆದರೆ ನಿನ್ನ ಮೂಳೆಗೆ ಇನ್ನೂ ಸಮಯ ಇದೆ. ಮನೆಯಲ್ಲಿ ಅಂಗನವಾಡಿಗೆ ಹೋಗುವ ತಮ್ಮನೋ ಅಕ್ಕನ ಮಗುವೋ ಇದ್ದರೆ, ಆ ಮಗುವಿನ ದೊಡ್ಡ ಹಲ್ಲುಗಳು ವಸಡಿನ ಒಳಗೆ ಈಗಲೇ ತಯಾರಾಗುತ್ತಿವೆ. ಅದಕ್ಕೆ ಕಲಸುವ ಹಾಲಿನ ಪುಡಿಗೆ, ರಾಗಿ ಸರಿಗೆ, ಅನ್ನಕ್ಕೆ ಯಾವ ನೀರು ಹಾಕುತ್ತಾರೆ ಅಂತ ಇವತ್ತು ಸಂಜೆ ಅಡುಗೆಮನೆಗೆ ಹೋಗಿ ನೋಡು.

ನಾವು ಮುಂದಿನ ತಿಂಗಳು ಮತ್ತೆ ಬರುತ್ತಿದ್ದೇವೆ. ಆರನೇ ಸ್ಲೈಡ್ ತೆಗೆದುಹಾಕಿದ್ದೇವೆ. ಒಂದು ಟೆಸ್ಟ್ ಕಿಟ್ ಕೇಳಿದ್ದೇವೆ, ಸಿಕ್ಕರೆ ಗ್ರೌಂಡಿನ ಪಕ್ಕದ ನಲ್ಲಿಯಿಂದಲೇ ಶುರು ಮಾಡೋಣ. ನೀವು ನಿಮ್ಮ ನಿಮ್ಮ ಮನೆಯ ನೀರನ್ನು ಒಂದೊಂದು ತೊಳೆದ ಬಾಟಲಿಯಲ್ಲಿ ತನ್ನಿ, ಬಾಟಲಿಯ ಮೇಲೆ ಬೀದಿಯ ಹೆಸರು ಬರೆದಿರಲಿ.